ರತ್ನಳ ಹೆಬ್ಬೆಟ್ಟಿಗೆ ಒಂದು ವಾರ ರಜೆ

ಸರ್ಕಾರದ ಪ್ರಕಾರ ನಮ್ಮ ಮನೆಯ ರೈತ ನಾನಲ್ಲ, ನನ್ನ ಹೆಂಡತಿ ರತ್ನ. ಮತ್ತೋಡಿನ ಹತ್ತಿರ ಇರುವ ರಾಗಿ ಹೊಲ ಅವಳ ಅಪ್ಪ ಅವಳ ಹೆಸರಿಗೇ ಬರೆದುಕೊಟ್ಟದ್ದು. ಹೊಸದುರ್ಗದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಾನು ಟೀ ಅಂಗಡಿಯಲ್ಲಿ ಮಾತ್ರ "ಈ ಸಲ ನಮ್ಮ ರಾಗಿ ಚೆನ್ನಾಗಿದೆ" ಎಂದು ಮೀಸೆ ತಿರುವುತ್ತೇನೆ. ಆ ಬೇಸಾಯದಲ್ಲಿ ನನ್ನ ಪಾಲಿನ ದುಡಿಮೆಯೆಂದರೆ, ಭಾನುವಾರ ಬದುವಿನ ಮೇಲೆ ನಿಂತು "ಪರವಾಗಿಲ್ಲ" ಎನ್ನುವುದು.

ಈ ವರ್ಷ ರತ್ನ ಧೈರ್ಯ ಮಾಡಿ ಹೊಲಕ್ಕೆ ಸ್ಪ್ರಿಂಕ್ಲರ್ ಹಾಕಿಸಿದಳು. ಅದರ ಸಬ್ಸಿಡಿ ಅವಳ ಖಾತೆಗೆ ಬರಬೇಕಾದರೆ ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟು ಒತ್ತಿ ಖಾತ್ರಿ ಮಾಡಿಸಬೇಕಿತ್ತು. ಕೊನೆಯ ದಿನ ಮುಂದಿನ ಶುಕ್ರವಾರ. ಇಬ್ಬರೂ ಹೋದೆವು. ಅವಳು ಒತ್ತಿದಳು, ಯಂತ್ರದಲ್ಲಿ ಕೆಂಪು ದೀಪ. ಹತ್ತು ಬೆರಳಿಗೂ ಕೆಂಪೇ. ಕೇಂದ್ರದ ತಿಪ್ಪೇಶಪ್ಪ ಅವಳ ಕೈ ಹಿಡಿದು ನೋಡಿ ಗಾಬರಿಯಾದ.

"ಅಕ್ಕಾ, ನಿಮ್ಮ ಬೆರಳಾಗೆ ಗೆರೇನೇ ಇಲ್ವಲ್ಲ! ಎಲ್ಲಾ ಸವದು ಹೋಗ್ಯಾವೆ."

"ಕಳೆ ಕೀಳೋದು, ಸಗಣಿ ಬಾಚೋದು, ಪಾತ್ರೆ ತಿಕ್ಕೋದು. ಸವೀದೆ ಇನ್ನೇನಾಗ್ತವಪ್ಪ?"

"ಒಂದು ವಾರ ಕೈಗೆ ಕೆಲ್ಸ ಕೊಡಬ್ಯಾಡ್ರಿ. ಕೊಬ್ಬರಿ ಎಣ್ಣೆ ಹಚ್ಕಂಡು ಸುಮ್ನೆ ಕುಂತ್ಕಳ್ರಿ. ಗೆರೆ ಬರ್ತವೆ."

"ಮನೆ ಕೆಲ್ಸ ಯಾರು ಮಾಡ್ತಾರೆ?" ಎಂದಳು ರತ್ನ. ಇಬ್ಬರೂ ನನ್ನತ್ತ ತಿರುಗಿದರು. ನನ್ನ ಹಿಂದೆ ಇನ್ಯಾರಾದರೂ ನಿಂತಿದ್ದಾರೆಯೇ ಎಂದು ನಾನೂ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ರಜೆ ಹಾಕಿದೆ. ಎರಡು ಎಮ್ಮೆಗಳ ಸಗಣಿ, ಬೂದಿ ಹಚ್ಚಿ ತಿಕ್ಕಬೇಕಾದ ಮುದ್ದೆಯ ಪಾತ್ರೆ, ಆಮೇಲೆ ಹೊಲದ ಕಳೆ. ಮೊದಲ ದಿನವೇ ಸೊಂಟ ನನ್ನದಲ್ಲ ಅನ್ನಿಸಿತು. ರತ್ನ ಮಾತ್ರ ಜಗಲಿಯ ಮೇಲೆ ಕೂತು, ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಕೂಗಿದಳು: "ರೀ, ಓಡಿ ಬರ್ರಿ! ಗೆರೆ ಕಾಣ್ತೈತೆ!"

ಸಗಣಿ ಬುಟ್ಟಿ ಅಲ್ಲೇ ಬಿಟ್ಟು ಓಡಿದೆ. ಪಕ್ಕದ ಮನೆಯ ಸಿದ್ದಮ್ಮನೂ ಓಡಿಬಂದರು. ಮೂವರೂ ತಲೆ ಕೂಡಿಸಿ ನೋಡಿದೆವು. ಹೌದು, ಸಣ್ಣದೊಂದು ಗೆರೆ, ಅದರ ಪಕ್ಕ ಇನ್ನೊಂದು! ರಾಗಿ ಮೊಳಕೆಯೊಡೆದ ದಿನವೂ ನಮ್ಮ ಮನೆಯಲ್ಲಿ ಅಷ್ಟು ಸಂಭ್ರಮವಾಗಿರಲಿಲ್ಲ.

ಶುಕ್ರವಾರ ಬಸ್ಸಿನಲ್ಲಿ ಅವಳು ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡೇ ಕೂತಿದ್ದಳು. ಕೇಂದ್ರದಲ್ಲಿ ಉದ್ದನೆಯ ಸಾಲು. ನಮ್ಮ ಸರದಿ ಬಂತು. ಒತ್ತಿದಳು, ಕೆಂಪು. ಒರೆಸಿ ಒತ್ತಿದಳು, ಮತ್ತೆ ಕೆಂಪು. ಹಿಂದೆ ನಿಂತವರೆಲ್ಲ ಕತ್ತು ಚಾಚಿ ನೋಡಿದರು. ಮೂರನೆಯ ಸಲ ಕಣ್ಣು ಮುಚ್ಚಿ ಒತ್ತಿದಳು.

ಹಸಿರು!

"ಬಂತು! ಬಂತು!" ಎಂದು ಕಿರುಚಿ ತಿಪ್ಪೇಶಪ್ಪನನ್ನು ತಬ್ಬಿಕೊಂಡೆ. ಸಾಲಿನಲ್ಲಿದ್ದ ಅಜ್ಜರೊಬ್ಬರು, "ಏನಪ್ಪ, ಮೊಮ್ಮಗು ಹುಟ್ತೇನು?" ಎಂದರು. ರತ್ನ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. "ಬರ್ರಿ, ಹೋಗಾಣ. ಹೊಲ ನೋಡ್ಬೇಕು."

ಹೊಲ ನೋಡಿದ ಮೇಲೆ ನಗು ನಿಂತಿತು. "ರೀ, ನೀವು ಕಿತ್ತಿರೋದೆಲ್ಲ ರಾಗಿ ಪೈರು. ಕಳೆ ಹಂಗೇ ಐತೆ!" ಎಂದವಳು, ಅಲ್ಲೇ ಸೆರಗು ಕಟ್ಟಿ ಕಳೆ ಕೀಳಲು ಕೂತಳು. ಹೊಸ ಗೆರೆಗಳು ಅಂದು ಸಂಜೆಗೇ ಸವೆಯತೊಡಗಿರಬೇಕು. ಆದರೆ ಅಷ್ಟರಲ್ಲಿ ಅವಳ ಮೊಬೈಲಿಗೆ ಅರ್ಜಿ ಮಂಜೂರಾದ ಸಂದೇಶ ಬಂದಿತ್ತು. ಅದನ್ನು ನನ್ನಿಂದ ಎರಡು ಸಲ ಗಟ್ಟಿಯಾಗಿ ಓದಿಸಿ ಕೇಳಿದಳು.

ಸೋಮವಾರ ಎದೆಯುಬ್ಬಿಸಿ ಕಚೇರಿಗೆ ಹೋಗಿ ಹಾಜರಿ ಯಂತ್ರದ ಮೇಲೆ ಬೆರಳಿಟ್ಟೆ. ಕೆಂಪು ದೀಪ. ಬೊಬ್ಬೆ ಒಡೆದು ಸಿಪ್ಪೆಯೆದ್ದ ನನ್ನ ಬೆರಳನ್ನು ಅದು ಗುರುತೇ ಹಿಡಿಯಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ನಿಜವಾಗಿ ದುಡಿದಿದ್ದೇನೆ ಎಂಬುದಕ್ಕೆ ಸಿಕ್ಕ ಮೊದಲ ಸರ್ಕಾರಿ ದಾಖಲೆ ಅದು. ಅದರಲ್ಲಿ "ಗೈರುಹಾಜರಿ" ಎಂದಿತ್ತು.