ಯಾರ ಬರ ದೊಡ್ಡದು?

ಶಾಲೆಯ ಪ್ರಾಜೆಕ್ಟು ಮಕ್ಕಳ ಕೆಲಸ ಎಂದು ನಂಬುವವರಿಗೆ ಇನ್ನೂ ಮಕ್ಕಳಾಗಿಲ್ಲವೆಂದೇ ಅರ್ಥ. ಹೋದ ವರ್ಷ ಇತಿಹಾಸ ಸ್ಪರ್ಧೆಗೆ ಥರ್ಮಾಕೋಲಿನಲ್ಲಿ ಬೀದರ ಕೋಟೆ ಕಟ್ಟಿದವನು ನಾನು. ಬಹುಮಾನ ಬರಲಿಲ್ಲವೆಂದು ವಾರವಿಡೀ ಮುಖ ಊದಿಸಿಕೊಂಡವನೂ ನಾನೇ. ಹಾಗಾಗಿ ಈ ಸಲ ಮಗಳು ಪಲ್ಲವಿ ನನ್ನನ್ನು ದೂರವಿಟ್ಟಳು. ಮತ್ತೆ ಸೋತರೆ ಇನ್ನು ಯಾವ ಸ್ಪರ್ಧೆಗೂ ಹೋಗುವುದಿಲ್ಲವೆಂದು ಅವಳ ಹಠ. ಶಾಲೆ ಕೊಟ್ಟ ವಿಷಯ, ಎಪ್ಪತ್ತೆರಡರ ಬರದಲ್ಲಿ ಗುಳೆ ಹೋದ ಒಂದು ಕುಟುಂಬ. "ಮನ್ಯಾಗೇ ಅಜ್ಜಿ ಇದ್ದಾಳಲ್ಲ" ಎಂದಳು.

ಅಜ್ಜಿ ಎಂದರೆ ನಮ್ಮ ಜೊತೆಗೇ ಇರುವ, ಸಂತಪುರದ ನನ್ನ ಅವ್ವ. ಈ ಸುದ್ದಿ ಹೇಗೋ ಮೆಹಕರದ ನನ್ನ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ ಮುಟ್ಟಿ, ಮರುದಿನವೇ ಅವರು ಕೈಚೀಲ ಹಿಡಿದು ಬೀದರದ ಚಿದ್ರಿಯ ನಮ್ಮ ಮನೆಗೆ ಬಂದಿಳಿದರು. ಮೊಮ್ಮಗಳ ಇತಿಹಾಸದಲ್ಲಿ ತಮ್ಮ ಭಾಲ್ಕಿ ತಾಲೂಕು ಬಿಟ್ಟುಹೋಗಬಾರದಲ್ಲ.

"ನಾವು ಹೈದ್ರಾಬಾದಕ್ಕ ಹೋಗಿ ಕಲ್ಲು ಒಡದೇವ್ರಿ. ಆ ರೇಷನ್ನಿನ ಕೆಂಪು ಜ್ವಾಳದ ರೊಟ್ಟಿ ಗಂಟಲದಾಗ ಇಳೀತಿದ್ದಿಲ್ಲ" ಎಂದಳು ಅವ್ವ.

"ನಿಮಗ ರೊಟ್ಟಿಯರ ಸಿಕ್ಕಿತ್ತಲ್ರಿ. ನಾವು ಪುಣೆದಾಗ ಹುಣಸಿಬೀಜ ಹುರಕೊಂಡು ತಿಂದೇವ್ರಿ" ಎಂದರು ಅತ್ತೆ.

ಮರುದಿನ ಅವ್ವನ ಬರದಲ್ಲಿ ಹುಣಸೆಬೀಜವೂ ಮುಗಿದಿತ್ತು. ಅದರ ಮರುದಿನ ಅತ್ತೆಯ ಬರದಲ್ಲಿ ಹುಣಸೆಮರವೇ ಒಣಗಿತ್ತು. ಪಲ್ಲವಿ ಆರಿಸಬೇಕಾದದ್ದು ಒಂದೇ ಕುಟುಂಬವನ್ನು. ಯಾರನ್ನು ಬಿಟ್ಟರೂ ಪೆಟ್ಟು ನನಗೇ. ಹೆಂಡತಿಯನ್ನು ಕೇಳಿದೆ. "ನಿಮ್ಮವ್ವನ ಬರಾನೇ ಬರೀಲಿ ಬಿಡ್ರಿ" ಎಂದಳು. ಆ ದನಿಗೆ ಹೆದರಿ ಹಿತ್ತಲಿಗೆ ನಡೆದೆ.

ಸ್ಪರ್ಧೆಯ ದಿನ ಮುಂದಿನ ಸಾಲಿನಲ್ಲಿ ನನ್ನ ಆಚೆ ಅವ್ವ, ಈಚೆ ಅತ್ತೆ. ಪಲ್ಲವಿ ಮೈಕಿನ ಮುಂದೆ ನಿಂತಳು.

"ನಮ್ಮ ಇಬ್ಬರು ಅಜ್ಜಿಯರಲ್ಲಿ ಯಾರ ಬರ ದೊಡ್ಡದು ಅಂತ ನನಗೆ ತಿಳಿಯಲಿಲ್ಲ. ಆದರೆ ಇಬ್ಬರೂ ಇವತ್ತಿಗೂ ಎಲ್ಲರ ಊಟ ಆದಮೇಲೆ ಒಂದು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. ಯಾಕೆ ಅಂತ ಕೇಳಿದರೆ ಇಬ್ಬರದೂ ಒಂದೇ ಮಾತು, 'ಯಾರರ ಹಸದು ಬಂದರ?'"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ನನ್ನನ್ನು ದಾಟಿ ಕೈಚಾಚಿ ಬೀಗಿತ್ತಿಯ ಕೈ ಹಿಡಿದರು.

"ಮತ್ತ ಆ ರೊಟ್ಟಿ ಏನಾಗ್ತದವಾ?" ತೀರ್ಪುಗಾರರು ಕೇಳಿದರು.

ಪಲ್ಲವಿ ನನ್ನ ಕಡೆ ನೋಡಿ ತಡವರಿಸಿದಳು. ಮೊಮ್ಮಗಳ ಬಹುಮಾನ ಕೈತಪ್ಪೀತೆಂದು ಬೀಗಿತ್ತಿಯರಿಬ್ಬರೂ ಒಟ್ಟಿಗೇ ಎದ್ದು ನನ್ನತ್ತ ಬೆರಳು ಮಾಡಿದರು.

"ದಿನಾ ಇಂವ ತಿಂತಾನ್ರಿ" ಎಂದಳು ಅವ್ವ.

"ಈ ವಾರ ನಾ ಇಟ್ಟದ್ದೂ ಇವರೇ ತಿಂದಾರ್ರಿ" ಎಂದರು ಅತ್ತೆ.

ಬಹುಮಾನ ಪಲ್ಲವಿಗೇ ಬಂತು. ಕೊಡುವಾಗ ತೀರ್ಪುಗಾರರು ನನ್ನನ್ನೂ ವೇದಿಕೆಗೆ ಕರೆದು, ಕೈಕುಲುಕಿ, ಬಹಳ ಮರ್ಯಾದೆಯಿಂದ ವಿಚಾರಿಸಿದರು: "ಊಟ ಆಯ್ತೇನ್ರಿ?"