ಮೇಷ್ಟ್ರು ಗೋಡೆಗೆ ನೀರು ಹಾಕಿದ್ದು

ಒಂದು ಚಿಟಿಕೆ ಸಿಮೆಂಟೂ ತಮ್ಮ ಹಿತ್ತಿಲಿಗೆ ಕಾಲಿಡಕೂಡದೆಂದು ಭೂಗೋಳದ ಮೇಷ್ಟ್ರು ಸಾರಿದ ದಿನ ಭೂಮಿತಾಯಿ ನೆಮ್ಮದಿಯ ಉಸಿರು ಬಿಟ್ಟಿರಬೇಕು. ಹೆಂಡತಿ ಬಿಡಲಿಲ್ಲ.

ಆಕೆ ಕೇಳಿದ್ದು ಒಂದು ಕೋಣೆ, ಅಷ್ಟೇ. ಹೊಲಿಗೆ ಯಂತ್ರ ವರ್ಷಗಳಿಂದ ಅಡುಗೆಮನೆಯಲ್ಲೇ ಇತ್ತು. ಗಿರಾಕಿಯೊಬ್ಬಳು ಹೊಸ ಬಟ್ಟೆ ಮೂಸಿ, ಈರುಳ್ಳಿ ಹುರಿದ್ರಾ ಎಂದು ಕೇಳಿ ಹೋಗಿದ್ದಳು. ಈಗಂತೂ ಒಂದಿಡೀ ಮದುವೆಮನೆಯ ಬಟ್ಟೆ ಕೈಗೆ ಬಂದಿತ್ತು. ಇದು ಕೆಟ್ಟರೆ ಮುಂದಿನ ಗಿರಾಕಿಗಳೆಲ್ಲ ಎದುರುಸಾಲಿನ ದರ್ಜಿಯ ಪಾಲು.

ಮೇಷ್ಟ್ರು ಗಾರೆಯವರನ್ನು ಕರೆಯಲಿಲ್ಲ. ಮಣ್ಣಿನ ಮನೆ ಕಟ್ಟುವ ಪುಸ್ತಕ ಓದಿದ್ದರಲ್ಲ! ಮಣ್ಣು, ಹುಲ್ಲು ಕಲಸಿ ತಾವೇ ತುಳಿದರು. ಯಾರೋ ಕಳಚಿ ಹಾಕಿದ್ದ ಮರದ ಕಂಬಗಳು ಚಾವಣಿ ಹೊತ್ತವು. ಬಾಗಿಲು, ಕೆಡವಿದ ಆಸ್ಪತ್ರೆಯೊಂದರದು. ಅದರ ಮೇಲಿದ್ದ "ಹೆರಿಗೆ ಕೋಣೆ" ಎಂಬ ಅಕ್ಷರಗಳನ್ನು ಹೆಂಡತಿ ಕೆರೆಯಹೊರಟರೆ, ಇತಿಹಾಸ ಅಳಿಸುವ ಹಕ್ಕು ಯಾರಿಗೂ ಇಲ್ಲವೆಂದು ತಡೆದರು. ಅಳತೆ ಕೊಡಲು ಬಂದ ಮದುಮಗಳು ಬಾಗಿಲಲ್ಲೇ ನಿಂತು ತಾಯಿಯ ಮುಖ ನೋಡಿದಳು.

ಯಂತ್ರ ಹೊಸ ಕೋಣೆ ಸೇರಿತು. ಕೆಲವೇ ದಿನಗಳಲ್ಲಿ ಗೋಡೆ ಮೊಳಕೆಯೊಡೆಯಿತು. ಮೇಷ್ಟ್ರು ಆರಿಸಿ ತಂದ ಹುಲ್ಲಿನಲ್ಲಿ ಅರ್ಧಕ್ಕರ್ಧ ಕಾಳು ಉದುರದೆ ಉಳಿದಿತ್ತು.

"ರೀ, ಗೋಡೆ ಹಸಿರಾಗ್ತಿದೆ. ಕಿತ್ತು ಹಾಕಿ."

"ಕೀಳೋದಾ? ಜೀವಂತ ಗೋಡೆ ಕಣೇ ಇದು. ಉಸಿರಾಡ್ತಿದೆ."

"ಉಸಿರಾಡ್ಲಿ. ಮದುವೆ ಬಟ್ಟೆ ಮೇಲೆ ಬೇಡ."

ಅಷ್ಟರಲ್ಲಿ ನೋಡಲು ಜನ ಬರತೊಡಗಿದ್ದರು. ಅಕ್ಕಪಕ್ಕದವರು ಫೋಟೊ ತೆಗೆದರು. ಸಹೋದ್ಯೋಗಿಗಳು ತಲೆದೂಗಿದರು, ಮೇಷ್ಟ್ರ ಎದುರಿಗಂತೂ. ಬಿಸಿಲಿಗೆ ಎಲೆ ಬಾಡಿದಾಗ ಮೇಷ್ಟ್ರು ಬಿಂದಿಗೆ ಎತ್ತಿಕೊಂಡರು. ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹಾಕತೊಡಗಿದರು. ಮಣ್ಣಿನ ಗೋಡೆಗೆ ನೀರು! ನದಿಯ ದಡ ಏಕೆ ಕುಸಿಯುತ್ತದೆಂದು ಸರ್ವಿಸಿನುದ್ದಕ್ಕೂ ಮಕ್ಕಳಿಗೆ ಪಾಠ ಮಾಡಿದ ಮನುಷ್ಯ.

ಬಟ್ಟೆ ಒಪ್ಪಿಸಬೇಕಿದ್ದ ದಿನದ ಹಿಂದಿನ ಮಧ್ಯಾಹ್ನ ಹೆಂಡತಿ ಗುಂಡಿ ತರಲು ಅಂಗಡಿಗೆ ಹೋಗಿದ್ದಳು. ಬಿಸಿಲಕಡೆಯ ಗೋಡೆ ಸದ್ದಿಲ್ಲದೆ ಸೊಂಟ ಬಗ್ಗಿಸಿ ನೆಲದ ಮೇಲೆ ಕೂತುಬಿಟ್ಟಿತು. ಬಟ್ಟೆ ಮಾತ್ರ ಉಳಿಯಿತು. ಆಕೆ ಅವನ್ನು ದಿನವೂ ಮನೆಯೊಳಗೆ ತಂದು ಬೀರುವಿನಲ್ಲಿಡುತ್ತಿದ್ದಳು. ಗಂಡನ ಮೇಲೆ ಅಷ್ಟು ನಂಬಿಕೆ.

ಹಿಂದಿರುಗಿದವಳು ಕೂಗಾಡಲಿಲ್ಲ. ಮೇಷ್ಟ್ರಿಗೆ ಭಯವಾದದ್ದೇ ಆಗ. ಯಂತ್ರದ ಮಣ್ಣು ಒರೆಸಿ, ಅವರಿಂದಲೇ ಹೊರಿಸಿ, ಅವರ ಓದುವ ಕೋಣೆಗೆ ನಡೆಸಿದಳು. ನಕ್ಷೆಗಳು ಸುರುಳಿ ಸುತ್ತಿಕೊಂಡು ಪಡಸಾಲೆಗೆ ಬಂದವು. ಖಾಲಿಯಾದ ಕೋಣೆಯ ಗೋಡೆಗೆ ಮೊಳೆ ಹೊಡೆದು ಅಳತೆಪಟ್ಟಿ ನೇತುಹಾಕಿದಳು. ಗೋಡೆ ಅಲುಗಲಿಲ್ಲ.

"ಮತ್ತೆ ನಾನೆಲ್ಲಿ ಕೂರಲಿ?" ಮೇಷ್ಟ್ರು ಮೆಲ್ಲಗೆ ಕೇಳಿದರು.

ಹೆಂಡತಿ ತಲೆಯೆತ್ತದೆ ಸೂಜಿಗೆ ದಾರ ಪೋಣಿಸಿದಳು.

"ಹಿತ್ತಿಲಲ್ಲಿ ಇನ್ನೂ ಮೂರು ಗೋಡೆ ಇದೆಯಲ್ಲ. ಬೇಗ ಹೋಗಿ, ತಡಮಾಡಿದ್ರೆ ಎರಡೇ ಉಳಿಯೋದು. ಪಕ್ಕದ ಮನೆ ಮೇಕೆ ಊಟಕ್ಕೆ ಬಂದಿದೆ."