ಯಂತ್ರದ ಹಣೆಗೆ ಭಾವನ ಕುಂಕುಮ

ನಮ್ಮ ಭಾವನಿಗೆ ನೀವು ಗುಡ್ ಮಾರ್ನಿಂಗ್ ಹೇಳಿ ನೋಡಿ. ಅವರು ಮೊದಲು ಗಡಿಯಾರ ನೋಡುತ್ತಾರೆ. ಬೆಳಗಾಗಿರುವುದು ಖಚಿತವಾದ ಮೇಲೆ ನಿಮ್ಮ ಮುಖ ನೋಡುತ್ತಾರೆ. ಇವತ್ತೇ ಯಾಕೆ ಹೇಳಿದರು, ನಿನ್ನೆ ಯಾಕೆ ಹೇಳಲಿಲ್ಲ ಎಂಬ ವಿಚಾರಣೆ ಅಲ್ಲಿಂದ ಶುರು!

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು, ನೈರೋಬಿಗೆ ಬಂದು ಅರ್ಧ ಆಯಸ್ಸು ಕಳೆದಿದೆ, ಪಂಗಾನಿಯಲ್ಲಿ ಮನೆ. ಅವರ ಬೀದಿಯ ತರಕಾರಿ ಹೆಂಗಸು ಒಮ್ಮೆ ಪ್ರೀತಿಯಿಂದ ಒಂದು ಬೆಣ್ಣೆಹಣ್ಣನ್ನು ಕೊಸರಾಗಿ ಹಾಕಿದಳು. ಭಾವ ಸ್ವಾಹಿಲಿಯಲ್ಲಿ "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳಿ, ನಕ್ಕು ಈಸಿಕೊಂಡರು. ಮನೆಗೆ ತಂದು ಮೂಸಿದರು, ಅಲ್ಲಾಡಿಸಿದರು, ಕೊನೆಗೆ ಕಾಂಪೌಂಡ್ ಗೋಡೆಯ ಮೇಲಿಟ್ಟು ಕಾವಲು ಕೂತರು. ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಹಣ್ಣು ಮಾಯ. ಈಗ ಅವರಿಗೆ ತರಕಾರಿಯವಳ ಮೇಲಿನ ಅನುಮಾನ ಹೋಗಿದೆ, ಪಕ್ಕದ ಮನೆಯವರ ಮೇಲೆ ಬಂದಿದೆ!

ಇಲ್ಲಿನ ಬಾಡಿಗೆ ವ್ಯಾನು ಮಟಾಟು ಖಾಲಿ ಬಂದರೆ ಭಾವ ಹತ್ತುವುದಿಲ್ಲ. ಯಾರೂ ಯಾಕೆ ಹತ್ತಿಲ್ಲ? ತುಂಬಿದ ಮಟಾಟು ಬಂದರೂ ಹತ್ತುವುದಿಲ್ಲ. ಇಷ್ಟು ಜನಕ್ಕೆ ಏನು ಆಸೆ ತೋರಿಸಿದ್ದಾರೆ? ಇಂಥವರು ಆಫೀಸಿಗೆ ಹೇಗೆ ಹೋಗುತ್ತಾರೆ ಎಂದು ಕೇಳುತ್ತೀರಾ? ಕಂಪನಿ ಕಾರಿನಲ್ಲಿ. ಡ್ರೈವರನ್ನು ಹಿಂದಿನ ಸೀಟಿನಿಂದ ಕಣ್ಣು ಮಿಟುಕಿಸದೆ ನೋಡುತ್ತಾ.

ಕಂಪನಿ ಒಂದು ಬಿಸ್ಕತ್ತಿನ ಕಾರ್ಖಾನೆ. ಭಾವ ಅಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಬಿಸ್ಕತ್ತನ್ನು ನೋಡಿದರೇ ಸಾಕು, ಒಲೆಯ ಯಾವ ಮೂಲೆಯಲ್ಲಿ ಬೆಂದಿದೆ ಎಂದು ಹೇಳುತ್ತಾರೆ. ಬಿಸ್ಕತ್ತಿಗೂ ಅನುಮಾನದ ಕಣ್ಣೇ, ಆದರೆ ಅಲ್ಲಿ ಅದು ಉಪಯೋಗಕ್ಕೆ ಬರುತ್ತಿತ್ತು. ಹಳೆಯ ಗುಜರಾತಿ ಯಜಮಾನರು ವಯಸ್ಸಾಯಿತೆಂದು ಮನೆಯಲ್ಲಿ ಕೂತು, ಮಗಳನ್ನು ಕುರ್ಚಿಯಲ್ಲಿ ಕೂರಿಸಿದ ಮೇಲೆ ಕಥೆ ಬದಲಾಯಿತು. ಆ ಹುಡುಗಿ ಇವರನ್ನು ಅಂಕಲ್ ಎಂದೇ ಕರೆಯುವುದು. ಅವಳು ಬಂದ ವಾರವೇ ಕ್ಯಾಬಿನ್ ಗೋಡೆಗಳನ್ನೆಲ್ಲ ತೆಗೆಸಿದಳು. ಎಲ್ಲರೂ ಒಟ್ಟಿಗೆ ಕೂರಬೇಕಂತೆ, ಮುಚ್ಚುಮರೆ ಇರಬಾರದಂತೆ.

"ಮೊದ್ಲು ಗೋಡೆ ತೆಗೀತಾರೆ, ಆಮೇಲೆ ಮನುಷ್ಯನ್ನ ತೆಗೀತಾರೆ. ಎತ್ತಿ ಹಾಕೋಕೆ ಜಾಗ ಬೇಕಲ್ಲ," ಎಂದರು ಭಾವ.

ನಾವು ನಕ್ಕೆವು. ಅಕ್ಕ ಮಾತ್ರ ನಗಲಿಲ್ಲ. ಇಲ್ಲಿ ನಮ್ಮಂಥವರ ಲೆಕ್ಕ ಗೊತ್ತಲ್ಲ? ಕೆಲಸ ಹೋದರೆ ಪರ್ಮಿಟ್ ಹೋಯಿತು, ಪರ್ಮಿಟ್ ಹೋದರೆ ನೈರೋಬಿಯೇ ಹೋಯಿತು. ಈ ವಯಸ್ಸಿನಲ್ಲಿ ಮೈಸೂರಿಗೆ ಹೋದರೆ ಭಾವನಿಗೆ ಅನುಮಾನಪಡುವುದಕ್ಕಾದರೂ ಪರಿಚಯದವರು ಬೇಡವೇ?

ಆಮೇಲೆ ಮ್ಯಾನೇಜರುಗಳನ್ನೆಲ್ಲ ಲೊರೆಶೋದ ಒಂದು ತೋಟಕ್ಕೆ ಕರೆದುಕೊಂಡು ಹೋಗಿ ತರಬೇತಿ ಕೊಡಿಸಿದರು. ಬದಲಾವಣೆಯನ್ನು ಎದುರಿಸುವುದು ಹೇಗೆ ಎಂದು. ಅದರಲ್ಲೊಂದು ಆಟ: ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದೆ ನಿಂತ ಸಹೋದ್ಯೋಗಿಗಳು ಹಿಡಿಯುತ್ತಾರೆ. ನಂಬಿಕೆ ಬೆಳೆಯುತ್ತದಂತೆ. ಭಾವ ಬಹಳ ಹೊತ್ತು ಯೋಚಿಸಿ ಕಣ್ಣು ಮುಚ್ಚಿ, ಮುಂದಕ್ಕೆ ಬಿದ್ದರು! ಮೊಣಕಾಲಿಗೆ ಬ್ಯಾಂಡೇಜ್ ಹಾಕುತ್ತಾ ನಾನು ಕೇಳಿದೆ, ಯಾಕೆ ಭಾವ ಹೀಗೆ ಮಾಡಿದಿರಿ ಅಂತ.

"ಮುಂದೆ ನೆಲ ಇದೆ ಅಂತ ನಂಗೆ ಗೊತ್ತಿತ್ತು ಕಣಮ್ಮ. ಹಿಂದೆ ಅಕೌಂಟ್ಸ್‌ನವನು ನಿಂತಿದ್ದ."

ಸುಳ್ಳು ಯಾಕೆ ಹೇಳಲಿ, ಈ ಕಾಯಿಲೆ ಅಂಟುತ್ತದೆ. ಆ ದಿನ ಲ್ಯಾವಿಂಗ್ಟನ್ನಿನ ನನ್ನ ಮನೆಗೆ ವಾಪಸಾದಾಗ ಗೇಟಿನ ಕಾವಲುಗಾರ ಎಂದಿಗಿಂತ ಚೆನ್ನಾಗಿ ಸಲ್ಯೂಟ್ ಹೊಡೆದ. ಒಳಗೆ ಹೋಗಿ ಬೀರುವಿನ ಬೀಗ ನೋಡಿದೆ.

ಕೊನೆಗೆ ಬಂತು ಆ ಯಂತ್ರ. ಒಲೆಯಿಂದ ಬರುವ ಬಿಸ್ಕತ್ತುಗಳನ್ನು ಅದು ತನ್ನ ಕ್ಯಾಮೆರಾ ಕಣ್ಣಿನಿಂದ ನೋಡುತ್ತದೆ. ಸೀದದ್ದು, ಮುರಿದದ್ದು ಕಂಡರೆ ಉಫ್ ಎಂದು ಗಾಳಿ ಊದಿ ಪಕ್ಕದ ಡಬ್ಬಕ್ಕೆ ತಳ್ಳುತ್ತದೆ. ಭಾವ ಇಷ್ಟು ವರ್ಷ ಮಾಡಿದ ಕೆಲಸ ಅದೇ ತಾನೇ? ಅವರು ಆ ಯಂತ್ರವನ್ನು ಹೆಸರಿಟ್ಟು ಕರೆಯಲೇ ಇಲ್ಲ. "ಅವನು" ಎನ್ನುತ್ತಿದ್ದರು. "ಅವನು ಬಂದ, ಅವನಿಗೆ ಎಸಿ ಹಾಕಿಸಿದ್ರು, ನಂಗೆ ಫ್ಯಾನೂ ಇರ್ಲಿಲ್ಲ."

ಆಯುಧಪೂಜೆ ಬಂತು. ಆ ಕಾರ್ಖಾನೆಯಲ್ಲಿ ಪೂಜೆ ಮೊದಲಿನಿಂದಲೂ ಭಾವನದೇ. ಅಕ್ಕ, ನಾನು ಹೂವು, ನಿಂಬೆಹಣ್ಣು, ಪುಳಿಯೋಗರೆ ಹೊತ್ತು ಹೋದೆವು. ಬೂದುಗುಂಬಳ ಸಿಗದೆ ಕಲ್ಲಂಗಡಿ ಒಡೆದದ್ದೂ ಆಯಿತು. ಅವನಿಗೆ ಪೂಜೆ ಮಾಡುತ್ತಾರೋ ಇಲ್ಲವೋ ಎಂದು ನನಗೆ ಅನುಮಾನ. ಆದರೆ ಭಾವ ಶಾಸ್ತ್ರ ಬಿಡುವವರಲ್ಲ, ಶತ್ರುವಿನ ಆಯುಧವೂ ಆಯುಧವೇ. ಮುಖದ ಹಾಗೆ ಕಂಡ ಕಡೆ, ಮಧ್ಯದಲ್ಲಿ ಫಳಫಳ ಹೊಳೆಯುವ ಗಾಜಿನ ಮೇಲೆ ವಿಭೂತಿ ಎಳೆದು, ಅದರ ಮೇಲೆ ದೊಡ್ಡ ಕುಂಕುಮ ಇಟ್ಟರು.

ಮಂಗಳಾರತಿಯಾಗಿ ಯಜಮಾನರ ಮಗಳು, ಅಂದರೆ ಈಗಿನ ಮೇಡಂ, ಗುಂಡಿ ಒತ್ತಿದಳು. ಉಫ್! ಮೊದಲ ಬಿಸ್ಕತ್ತು ಡಬ್ಬಕ್ಕೆ. ಉಫ್, ಉಫ್! ಬಂದದ್ದೆಲ್ಲ ಡಬ್ಬಕ್ಕೆ. ಒಂದೂ ಪಾಸಾಗಲಿಲ್ಲ. ಎಂಜಿನಿಯರುಗಳು ವೈರು ಹಿಡಿದು ಓಡಾಡಿದರು. ಭಾವ ಕೈಕಟ್ಟಿ ನಿಂತು, ಅವನು ಎಂಥವನೆಂದು ಬಂದ ದಿನವೇ ತಮಗೆ ಗೊತ್ತಿತ್ತೆಂದು ಎಲ್ಲರಿಗೂ ಹೇಳಿದರು. ಅಷ್ಟರಲ್ಲಿ ಅಕ್ಕ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ರೀ, ಕಣ್ಣಿಗೆ ಯಾರಾದ್ರೂ ಕುಂಕುಮ ಇಡ್ತಾರಾ?"

ಸೆರಗಿನಿಂದ ಗಾಜು ಒರೆಸಿದಳು. ಯಂತ್ರ ಸುಮ್ಮನಾಯಿತು, ಬಿಸ್ಕತ್ತುಗಳು ಸಾಲಾಗಿ ಮುಂದೆ ಹೋದವು. ಯಾರೋ ನಕ್ಕರು. ಆದರೆ ಹಿಂದಿನಿಂದ ಇನ್ಯಾರೋ ಇದು ಬೇಕೆಂದೇ ಮಾಡಿದ್ದು ಎಂದದ್ದು ಎಲ್ಲರಿಗೂ ಕೇಳಿಸಿತು. ಭಾವನಿಗೂ. ಜೀವಮಾನವಿಡೀ ಊರನ್ನೆಲ್ಲ ಅನುಮಾನಿಸಿದ ಮನುಷ್ಯ, ತನ್ನ ಮೇಲೆ ಅನುಮಾನ ಬಂದಾಗ ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದರು. ಮೇಡಂ ಮಹಡಿಯ ಮೇಲಿನ ಮೀಟಿಂಗ್ ಕೋಣೆಗೆ ಬರಲು ಹೇಳಿ ಹೋದಳು.

ಅಕ್ಕ, ನಾನು ಕಾರಿನಲ್ಲಿ ಕಾದೆವು. ಮನೆ ಸಾಮಾನು ಹಡಗಿಗೆ ಹಾಕಬೇಕೋ ಇಲ್ಲೇ ಮಾರಬೇಕೋ ಎಂದು ಅಕ್ಕ ಮೆಲ್ಲಗೆ ಕೇಳಿದಳು.

ಭಾವ ಇಳಿದು ಬಂದು ಕಿಟಕಿಯ ಬಳಿ ನಿಂತರು.

"ಯಾವ ಬಿಸ್ಕತ್ತು ಸರಿ, ಯಾವ್ದು ಸರಿಯಿಲ್ಲ ಅಂತ ಅವನಿಗೆ ಇನ್ನೂ ಸರಿಯಾಗಿ ಕಲಿಸ್ಬೇಕಂತೆ. ನಾನೇ ಕಲಿಸ್ಬೇಕಂತೆ."

"ಕಲ್ಸಿದ್ಮೇಲೆ?" ಎಂದಳು ಅಕ್ಕ. ಅವಳಿಗೂ ಅಂಟಿದೆ ನೋಡಿ.

"ಅದನ್ನೇ ಕೇಳ್ದೆ, ಕಲ್ಸಿದ್ಮೇಲೆ ನನ್ನ ತೆಗೆದ್ಹಾಕ್ತೀಯಾ ಅಂತ. ಗೊತ್ತಿಲ್ಲ ಅಂಕಲ್ ಅಂದ್ಳು. ಕಾರ್ಖಾನೆ ಉಳಿಯುತ್ತೋ ಇಲ್ವೋ ಅದೇ ಗೊತ್ತಿಲ್ಲ, ನಂಗೂ ಭಯ ಆಗುತ್ತೆ ಅಂದ್ಳು." ಮಹಡಿಯ ಕಡೆ ತಿರುಗಿ ನೋಡಿ, "ಸುಳ್ಳು ಹೇಳ್ತಿಲ್ಲ ಕಣೇ ಆ ಮಗು," ಎಂದರು.

ಭಾವ ಒಬ್ಬರ ಮಾತನ್ನು ನಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ, ಅವಳು ಬೆಳಗಿನಿಂದ ಏನೂ ತಿಂದಿಲ್ಲವಂತೆ ಎನ್ನುತ್ತಾ ಅಕ್ಕನ ತೊಡೆಯ ಮೇಲಿದ್ದ ಪುಳಿಯೋಗರೆ ಡಬ್ಬಿಯನ್ನು ತೆಗೆದುಕೊಂಡು, ನೋಯುವ ಮೊಣಕಾಲಿನಲ್ಲೇ ಮೆಟ್ಟಿಲು ಹತ್ತಿ ಹೋದರು. ಅಕ್ಕ ಅವರ ಬೆನ್ನನ್ನೇ ನೋಡುತ್ತಿದ್ದಳು.

"ನೈವೇದ್ಯಕ್ಕೆ ಅಂತ ಮಾಡಿದ್ದು, ಉಪ್ಪು ನೋಡಿಲ್ಲ ಕಣೇ," ಎಂದಳು, ಸೆರಗಿನಲ್ಲಿ ಕುಂಕುಮವಿಲ್ಲದ ಅಂಚನ್ನು ಹುಡುಕಿ ಕಣ್ಣೊರೆಸಿಕೊಳ್ಳುತ್ತಾ.